ಜೇನು ಕುರುಬರ ಕಥೆಯನ್ನು ಮೊಬೈಲ್ ಗೇಮ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಎಚ್.ಡಿ. ಕೋಟೆ ಕಡೆಯ ಜೇನು ಕುರುಬರ ಕಥೆಯನ್ನು ಗೇಮ್ ಮಾಡುವ ಆಸೆ ಅಂತ ಬರೆದಿದ್ದೀರಿ. ಖಂಡಿತ ಮಾಡಿ. ಆದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಬಸ್ ಹತ್ತಿ ಆ ಬುಡಕಟ್ಟಿನವರು ವಾಸಿಸುವ ಹಾಡಿಗೆ ಹೋಗಿ.

ಮೈಸೂರಿನ ನಾವು ಮೂವರು ಗೆಳೆಯರು ಇದನ್ನೇ ಉಲ್ಟಾ ಮಾಡಿದ್ದೆವು. ಮೊದಲು ಆಟ ಕಟ್ಟಿದೆವು. ಹುಡುಗ ಮರ ಹತ್ತಿ ಹೆಜ್ಜೇನು ಕೀಳುತ್ತಾನೆ, ಒಂದೊಂದು ಹುಟ್ಟಿಗೂ ನೂರು ಪಾಯಿಂಟ್. ಹಾಡಿಯಲ್ಲಿ ಒಬ್ಬ ತಾತನ ಕೈಗೆ ಫೋನ್ ಕೊಟ್ಟೆವು. ಅವರು ಸ್ವಲ್ಪ ಹೊತ್ತು ನೋಡಿ, ಸೂರ್ಯನ ಚಿತ್ರದ ಮೇಲೆ ಬೆರಳಿಟ್ಟು, "ಇದ್ಯಾಕಪ್ಪ ಬಿಸಿಲು? ಹೆಜ್ಜೇನು ಕೀಳೋದು ಕತ್ತಲಲ್ಲಿ ಅಲ್ವಾ?" ಅಂದರು. ಆಮೇಲೆ, "ಇವನು ಹಾಡೇ ಹೇಳ್ತಿಲ್ಲವಲ್ಲ" ಅಂದರು. ಜೇನಿಗೆ ಹಾಡು ಹೇಳಿ ಸಮಾಧಾನ ಮಾಡುವುದು ಅವರ ಪದ್ಧತಿ. ನಮ್ಮ ಆಟದಲ್ಲಿ ಅದರ ಸುಳಿವೇ ಇರಲಿಲ್ಲ.

ವಾಪಸ್ ಬಂದು ಬಿಸಿಲು ತೆಗೆದೆವು, ಪಾಯಿಂಟೂ ತೆಗೆದೆವು. ಈಗ ಸ್ಕ್ರೀನ್ ಪೂರ್ತಿ ಕಪ್ಪು, ಹೊಗೆ ಹಾಕುವ ಪಂಜಿನ ಕಿಡಿ ಮಾತ್ರ ಕಾಣುತ್ತದೆ. ಹಾಡು ನಿಲ್ಲಿಸಿದರೆ ಗುಂಯ್ ಅನ್ನೋ ಸದ್ದು ಜಾಸ್ತಿಯಾಗುತ್ತದೆ, ಕೆಳಗಿಳಿಯಲೇಬೇಕು. ಅವರಿಗೆ ಗೊತ್ತಿರುವುದೇ ಆಟದ ನಿಯಮವಾಯಿತು. ಕಾಡು, ವೇಷ ಬರೆದಿಟ್ಟು ಒಳಗೆ ಮಾಮೂಲಿ ಓಡೋ ಹಾರೋ ಆಟ ಇಟ್ಟರೆ ನನಗೆ ಬೇಜಾರಾಗುತ್ತದೆ.

2014ರಲ್ಲಿ ಬಂದ 'ನೆವರ್ ಅಲೋನ್' ಗೇಮ್ ಆಡಿ ನೋಡಿ. ಅಲಾಸ್ಕಾದ ಇನ್ಯುಪಿಯಾಟ್ ಜನರ ಕಥೆ ಅದು. ಅಲ್ಲಿನ ಬುಡಕಟ್ಟು ಸಂಸ್ಥೆಯೇ ಮುಂದೆ ನಿಂತು ಮಾಡಿಸಿತು. ಹಿರಿಯರು, ಕಥೆ ಹೇಳುವವರು ಅಂತ ಸುಮಾರು 40 ಜನ ಅದರಲ್ಲಿ ಸೇರಿದ್ದರು. ಆ ಕಥೆ ಹೇಳುತ್ತಿದ್ದ ರಾಬರ್ಟ್ ಕ್ಲೀವ್‌ಲ್ಯಾಂಡ್ ತೀರಿಹೋಗಿದ್ದರು, ಹಾಗಾಗಿ ಅವರ ಮಗಳನ್ನು ಹುಡುಕಿಕೊಂಡು ಹೋಗಿ ಒಪ್ಪಿಗೆ ಕೇಳಿದರು. ಕಥೆ ಕೇಳುವುದು ಅವರ ಭಾಷೆಯಲ್ಲೇ, ಅರ್ಥ ಕೆಳಗೆ ಅಕ್ಷರದಲ್ಲಿ ಬರುತ್ತದೆ. ಜೇನು ಕುರುಬರ ನುಡಿಗೂ ನೀವು ಹಾಗೇ ಮಾಡಿ, ಕೆಳಗೆ ಕನ್ನಡ ಹಾಕಿ.

ತಂತ್ರಜ್ಞಾನದ ಚಿಂತೆ ಬಿಡಿ, ಗೋಡೊ ಅಂತ ಗೇಮ್ ಮಾಡುವ ಸಾಫ್ಟ್‌ವೇರ್ ಇದೆ, ಪೂರ್ತಿ ಉಚಿತ. ದುಡ್ಡು ಬಂದರೆ ಹಾಡಿಯವರಿಗೆ ಎಷ್ಟು ಅನ್ನೋದನ್ನ ಮೊದಲೇ ಕೂತು ಮಾತಾಡಿ, ಬರೆದುಕೊಡಿ. ಬೇಡ ಅಂದದ್ದನ್ನು ಮುಟ್ಟಬೇಡಿ. ತಾತ ನಮಗೆ ಒಂದು ಹಾಡು ಹೇಳಿ, "ಇದು ಫೋನಿಗೆ ಬೇಡ ಕಣಪ್ಪ" ಅಂದರು. ಅಲ್ಲೇ ಅವರೆದುರೇ ಅಳಿಸಿದೆವು.

ಹೋಗುವಾಗ ಒಂದು ಚಿಕ್ಕ ಸ್ಪೀಕರ್ ತಗೊಂಡು ಹೋಗಿ. ಸುತ್ತ ಹತ್ತು ಜನ ಸೇರುತ್ತಾರೆ, ವಯಸ್ಸಾದವರಿಗೆ ಫೋನಿನ ಸದ್ದು ಕೇಳಿಸಲ್ಲ.