ತೋಟದಲ್ಲಿ ‘ಪಾಂಡವರ ಮನೆ’ ಇದೆ. ಅಗೆಯದೆ ಒಳಗೆ ಏನಿದೆ ಅಂತ ನೋಡಬಹುದಾ?

ಸ್ವಲ್ಪ ಮಟ್ಟಿಗೆ ಖಂಡಿತ ನೋಡಬಹುದು. ಕೊಡಗಿನಲ್ಲಿ ನಾವು ಪಾಂಡವರ ಮನೆ ಅನ್ನೋದು ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ, ಕಬ್ಬಿಣವನ್ನೂ ಬಳಸುತ್ತಿದ್ದ ಜನರ ಸಮಾಧಿ. ನಿಲ್ಲಿಸಿದ ಕಲ್ಲು ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು. ಕೆಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಮಣ್ಣು ತುಂಬಿದ್ದರೆ ಮುಚ್ಚುಗಲ್ಲಿನ ಅಂಚಷ್ಟೇ ಕಾಣುತ್ತದೆ.

ನಮ್ಮ ಮಣ್ಣಿಗೆ ನಾನು ಮೊದಲು ಹೇಳೋದು ವಿದ್ಯುತ್ ರೋಧ ಸಮೀಕ್ಷೆ. ನೆಲಕ್ಕೆ ಸಾಲಾಗಿ ಕಬ್ಬಿಣದ ಗೂಟ ಚುಚ್ಚಿ ಸಣ್ಣ ಕರೆಂಟ್ ಹಾಯಿಸುತ್ತಾರೆ. ಒದ್ದೆ ಮಣ್ಣಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ. ಕಲ್ಲು ಅಥವಾ ಟೊಳ್ಳು ಅಡ್ಡ ಬಂದರೆ ರೋಧ ಏರುತ್ತದೆ. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ.

ನೆಲದೊಳಗೆ ರೇಡಿಯೋ ಅಲೆ ಕಳಿಸಿ, ತಿರುಗಿ ಬಂದದ್ದನ್ನು ಓದುವ ನೆಲದ ರಾಡಾರ್ ಇನ್ನೂ ಚೆನ್ನಾಗಿ ತೋರಿಸುತ್ತದೆ. ಹೂತ ಚಪ್ಪಡಿ, ಟೊಳ್ಳು ತೆರೆಯ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಯಾಗಿ ಮೂಡುತ್ತವೆ. ಆದರೆ ಒದ್ದೆ ಜೇಡಿಮಣ್ಣು ಅದರ ಅಲೆಗಳನ್ನು ನುಂಗಿಬಿಡುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ, ಫೆಬ್ರವರಿ ಹೊತ್ತಿಗೆ ಮಾಡಿಸಿ. ಕಾಫಿ ಗಿಡದ ಬೇರೂ ಗೊಂದಲ ಮಾಡುತ್ತದೆ, ಅದಕ್ಕೇ ಯಂತ್ರವನ್ನು ಒಂದೆರಡು ಸಾಲು ಎಳೆದು ಸುಮ್ನೆ ತೀರ್ಮಾನಿಸಬಾರದು. ಅರ್ಧ ಮೀಟರಿಗೊಂದು ಸಾಲು ಬೇಕು.

ನೆಲದ ಕಾಂತಶಕ್ತಿಯ ಸಣ್ಣ ಏರುಪೇರು ಅಳೆಯುವ ಕಾಂತೀಯ ಸಮೀಕ್ಷೆ ಕಬ್ಬಿಣದ ಆಯುಧ, ಸುಟ್ಟ ಮಣ್ಣನ್ನು ಗುರುತಿಸುತ್ತದೆ. ಜಂಬಿಟ್ಟಿಗೆಯಲ್ಲೇ ಕಬ್ಬಿಣ ಜಾಸ್ತಿ ಅಲ್ವಾ, ಅದು ಇರುವ ಕಡೆ ನೆಚ್ಚಿಕೊಳ್ಳೋದು ಕಷ್ಟ. ಮೂಳೆಯಂತೂ ಯಾವುದರಲ್ಲೂ ಸ್ಪಷ್ಟವಾಗಿ ಕಾಣುವುದಿಲ್ಲ.

ದಯವಿಟ್ಟು ನೀವೇ ಹಾರೆ ಹಿಡಿಯಬೇಡಿ. ಚಪ್ಪಡಿ ಒಮ್ಮೆ ಕದಲಿದರೆ ಮಡಕೆ, ಮಣಿ ಯಾವ ಪದರದಲ್ಲಿದ್ದವು ಅನ್ನೋದೇ ಅಳಿಸಿಹೋಗುತ್ತದೆ. ಮೊದಲು ಪುರಾತತ್ವ ಇಲಾಖೆಗೆ ಫೋಟೋ ಸಮೇತ ತಿಳಿಸಿ.