ಹವಳದ ಟ್ಯಾಂಕಿಗೆ ಎಷ್ಟು ಲೀಟರಿನ ಪಂಪು?

ಪ್ರಶ್ನೆ: ನಮ್ಮ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕು ನಾಲ್ಕು ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಲೆದರ್, ಝೋಆಂಥಿಡ್, ಮಶ್ರೂಮ್ ಎಂಬ ಮೆತ್ತನೆಯ ಹವಳಗಳಿವೆ. ಗಂಟೆಗೆ 10,000 ಲೀಟರಿನ ಒಂದೇ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಓಡಿಸುವ ಪಂಪು) ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ತರಲೇ? (ಕೋಡಿಬಾಗ, ಕಾರವಾರ)

ಉತ್ತರ: ತರಬೇಡಿ. ಟ್ಯಾಂಕಿನ ಅಳತೆಯೊಂದು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಡಬ್ಬಿಯ ಮೇಲಿನ ದೊಡ್ಡ ಅಂಕಿ ತೋರಿಸಿ ಪಂಪು ಮಾರುವುದನ್ನು ಅಂಗಡಿಯವರು ಮೊದಲು ನಿಲ್ಲಿಸಬೇಕು.

ನಿಮ್ಮ ಟ್ಯಾಂಕು ಲೆಕ್ಕಕ್ಕೆ 255 ಲೀಟರ್. ಕಲ್ಲು, ಮರಳು ಕಳೆದರೆ ನೀರು 200ರ ಆಸುಪಾಸು. ಮೆತ್ತನೆಯ ಹವಳಕ್ಕೆ ಗಂಟೆಗೆ ಅದರ ಹದಿನೈದು ಇಪ್ಪತ್ತು ಪಟ್ಟು, ಅಂದರೆ 3,000ದಿಂದ 4,000 ಲೀಟರ್ ಹರಿವು ಧಾರಾಳವಾಯಿತು. ಒಂದೇ ಮೂಲೆಯಿಂದ 10,000 ಲೀಟರ್ ಬಡಿದರೆ ಮರಳು ಎದ್ದು ಗಾಜು ಕಾಣುತ್ತದೆ, ಮಶ್ರೂಮ್ ಕಲ್ಲು ಬಿಟ್ಟು ತೇಲಿ ಹೋಗುತ್ತದೆ. ಕಲ್ಲಿನ ಹಿಂದೆ ಮಾತ್ರ ನೀರು ಮಿಸುಕದೆ ಕಸ ಕೂತು, ಅದರ ಮೇಲೆ ಕೆಂಪು ಲೋಳೆ ಹಾಸುತ್ತದೆ.

ಲೆದರನ್ನು ಹತ್ತಿರದಿಂದ ನೋಡಿ. ಆಗಾಗ ಅದು ಮುದುಡಿ, ಮೈಮೇಲೆ ಮೇಣದಂಥ ಪೊರೆ ಬೆಳೆಸಿಕೊಳ್ಳುತ್ತದೆ. ಅದು ಕಾಯಿಲೆಯಲ್ಲ, ಔಷಧಿ ಸುರಿಯಬೇಡಿ. ಆ ಪೊರೆ ಕಳಚಿ ಹೋಗಲು ನೀರಿನ ಓಟ ಬೇಕು. ಓಟ ಸಾಲದಿದ್ದರೆ ಪೊರೆ ಅಂಟಿಕೊಂಡೇ ಉಳಿದು ಪಾಚಿ ಹಿಡಿಯುತ್ತದೆ. ನೇರ ಧಾರೆ ಬಡಿದರೆ ಆ ಬದಿಯಲ್ಲಿ ಹವಳ ಹೊರಚಾಚುವ ಸಣ್ಣ ಎಳೆಗಳು (ಪಾಲಿಪ್) ಹೊರಗೇ ಬರುವುದಿಲ್ಲ. ಎಳೆಗಳು ಒಮ್ಮೆ ಈಚೆ, ಒಮ್ಮೆ ಆಚೆ ತೂಗುತ್ತಿದ್ದರೆ ಹರಿವು ಸರಿಯಿದೆ.

ಆದ್ದರಿಂದ ವೇಗ ಬದಲಿಸಬಹುದಾದ, ಅಗಲ ಬಾಯಿಯ, 4,000 ಲೀಟರಿನ ಎರಡು ಡಿಸಿ ಪಂಪು ತನ್ನಿ. ಎಡಕ್ಕೊಂದು ಬಲಕ್ಕೊಂದು, ನೀರಿನ ಮಟ್ಟದಿಂದ ಮೂರನೇ ಒಂದು ಭಾಗ ಕೆಳಗೆ ಕೂರಿಸಿ. ಮೇಲ್ಮೈ ಸುಕ್ಕುಗಟ್ಟುವಷ್ಟು ಬಾಯಿ ಮೇಲೆತ್ತಿ. ಒಂದು 60 ಶೇಕಡಾದಲ್ಲಿ ಓಡುವಾಗ ಇನ್ನೊಂದು 30ರಲ್ಲಿರಲಿ, ಆಮೇಲೆ ಅದಲುಬದಲಾಗಲಿ. ರಾತ್ರಿ ಆಮ್ಲಜನಕ ಇಳಿಯುತ್ತದೆ, ಆಗ ಪಂಪು ಆರಿಸಲೇಬೇಡಿ. ನೆನೆಸಿದ ಚಿಟಿಕೆ ಮೀನಿನ ಆಹಾರ ಬಿಟ್ಟು ನೋಡಿ: ಅದು ಹೋಗಿ ಕೂರುವ ಜಾಗದಲ್ಲಿ ನೀರು ನಿಂತಿದೆ ಎಂದರ್ಥ, ಪಂಪನ್ನು ಆ ಕಡೆ ತುಸು ತಿರುಗಿಸಿ. ಪಂಪನ್ನು ಗಾಜಿಗೆ ಹಿಡಿದಿಡುವ ಮ್ಯಾಗ್ನೆಟ್ ಎಷ್ಟು ದಪ್ಪದ ಗಾಜಿಗೆ ಎಂಬುದನ್ನು ಕೊಳ್ಳುವಾಗಲೇ ಓದಿ.

ಡಿಸಿ ಏಕೆಂದರೆ, ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಕರೆಂಟು ಯಾವಾಗ ಬಂದೀತೆಂದು ಹೇಳುವಂತಿಲ್ಲ. ನೀರು ನಿಂತರೆ ಮೀನು ತುಂಬಿದ ಟ್ಯಾಂಕು ಕೆಲವೇ ಗಂಟೆ ತಾಳೀತು. ಬ್ಯಾಟರಿ ಜೋಡಿಸಲು ಬರುವ 24 ವೋಲ್ಟಿನ ಕಂಟ್ರೋಲರ್ ಇದ್ದರೆ, 12 ವೋಲ್ಟ್ 7 ಎಎಚ್‌ನ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿಸಿ. ನಿಧಾನಕ್ಕಿಳಿಸಿ 8 ವಾಟ್ ಎಳೆಯುವ ಪಂಪು, ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ ಹತ್ತು ಗಂಟೆ ಓಡುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಎಸಿ ಪಂಪು ಹಾಕಿದರೆ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಆ ಬಿಸಿಯೂ ನೀರಿಗೇ ಸೇರುತ್ತದೆ.

ಪ್ರಶ್ನೆ: 2,000 ಲೀಟರಿನ ರಿಟರ್ನ್ ಪಂಪು ಸಂಪಿನಿಂದ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಮೇಲಕ್ಕೆ ಸಣ್ಣಗೆ ಸುರಿಯುತ್ತದೆ. ಪಂಪು ಹಾಳೇ? (ಅಂಕೋಲಾ)

ಉತ್ತರ: ಹಾಳಾಗಿರಲಿಕ್ಕಿಲ್ಲ. ಆ ಅಂಕಿ ಸೊನ್ನೆ ಎತ್ತರದ್ದು. ನಾಲ್ಕೈದು ಅಡಿ ಏರಿಕೆಗೆ ಎಷ್ಟು ನೀರು ಬರುತ್ತದೆಂದು ಪಂಪಿನ ಗ್ರಾಫಿನಲ್ಲಿ ನೋಡಿ, ಪೈಪಿನ ತಿರುವು (ಎಲ್ಬೋ) ಕಡಿಮೆ ಮಾಡಿ. ಮೇಲೆ ಬಂದು ಬೀಳುವುದು ಗಂಟೆಗೆ ಟ್ಯಾಂಕಿನ ನೀರಿನ ಮೂರರಿಂದ ಐದು ಪಟ್ಟು ಇದ್ದರೆ ಸಾಕು. ರಿಟರ್ನ್ ಪೈಪಿಗೆ ನೀರಿನ ಮಟ್ಟದ ಕೆಳಗೇ ಒಂದು ಸಣ್ಣ ತೂತು ಇರಲಿ. ಇಲ್ಲದಿದ್ದರೆ ಕರೆಂಟು ಹೋದಾಗ ಟ್ಯಾಂಕಿನ ನೀರು ಹಿಂದಕ್ಕೆ ಇಳಿದು ಸಂಪು ಉಕ್ಕಿ ಮನೆ ತುಂಬ ಹರಿಯುತ್ತದೆ.

ಪ್ರಶ್ನೆ: ಕೂಲರ್ ಪಂಪು ಹಾಕಬಹುದೇ? (ಶಿರಸಿ)

ಉತ್ತರ: ಖಂಡಿತ ಬೇಡ. ಉಕ್ಕಿನ ಶಾಫ್ಟ್ ತುಕ್ಕು ಹಿಡಿಯುತ್ತದೆ, ಸೀಲು ಬಿಟ್ಟರೆ ನೀರಿಗೇ ಕರೆಂಟು. ಸೆರಾಮಿಕ್ ಶಾಫ್ಟಿನದೇ ತನ್ನಿ. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಹಾಕಿಸದೆ ಟ್ಯಾಂಕಿಗೆ ಕೈ ಇಳಿಸಬೇಡಿ.

ಪ್ರಶ್ನೆ: ಪಂಪು ಸೋಪಿನಲ್ಲಿ ತೊಳೆಯಬಹುದೇ? (ಕುಮಟಾ)

ಉತ್ತರ: ಸೋಪು ಬೇಡ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಪಂಪು ಬಿಚ್ಚಿ ಅರ್ಧ ಗಂಟೆ ನೆನೆಸಿ, ಹಳೆಯ ಬ್ರಶ್ಶಿನಲ್ಲಿ ಸುಣ್ಣ ಉಜ್ಜಿ ಚೆನ್ನಾಗಿ ತೊಳೆಯಿರಿ. ಎರಡು ತಿಂಗಳಿಗೊಮ್ಮೆ.

ಪ್ರಶ್ನೆ: ಪಂಪಿನ ಬಾಯಿಗೆ ತಾಮ್ರದ ತಂತಿ ಸುತ್ತಿದರೆ ರೋಗ ಬರುವುದಿಲ್ಲವಂತೆ? (ಭಟ್ಕಳ)

ಉತ್ತರ: ಹೇಳಿದವರ ಮಾತನ್ನು ಇನ್ನೆಂದೂ ಕೇಳಬೇಡಿ. ತಾಮ್ರ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ, ಕಲ್ಲಿನಲ್ಲಿ ಇಂಗಿ ಆಮೇಲೂ ಬಿಡುತ್ತಿರುತ್ತದೆ.

ಪ್ರಶ್ನೆ: ನೇತ್ರಾಣಿ ದ್ವೀಪದಿಂದ ಹವಳದ ತುಂಡು ತರಬಹುದೇ? (ಮುರುಡೇಶ್ವರ)

ಉತ್ತರ: ಅಪರಾಧ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.