ನಮ್ಮೂರ ಶಾಲೆಯಲ್ಲಿ ಕನ್ನಡ ಕಲಿಯುವವರು ಯಾರು?

ಧಾರವಾಡದಿಂದ ಬಂದು ನಮ್ಮ ಕಡೆ ಅಪಾರ್ಟ್‌ಮೆಂಟ್ ಸೇರಿದ್ದೀರಿ. ಮೊನ್ನೆ ಅಂಗಡಿ ಹತ್ತಿರ ಸಿಕ್ಕಾಗ ಎರಡು ಮಾತು ಕೇಳಿದಿರಿ. "ಇಲ್ಲಿ ಸರ್ಕಾರಿ ಸಾಲಿ ಹೆಂಗದ್ರೀ? ಗಡಿ ಊರು, ಅಲ್ಲಿ ಕನ್ನಡ ಮಾತಾಡ್ತಾರೋ ಇಲ್ಲೋ?" ನಿಂತ ಕಾಲಲ್ಲಿ ಹೇಳುವ ವಿಷಯ ಅಲ್ಲ ಅಂತ ಆಗ ಸುಮ್ಮನಾದೆ. ಈಗ ಹೇಳುತ್ತೇನೆ.

ಬೆಂಗಳೂರು ಗಡಿ ಜಿಲ್ಲೆ ಅನ್ನೋದು ಸಿಟಿಯವರಿಗೆ ನೆನಪೇ ಇರಲ್ಲ. ಅತ್ತಿಬೆಲೆ ಗೇಟ್ ದಾಟಿದರೆ ಜೂಜುವಾಡಿ, ಮುಂದೆ ಹೊಸೂರು. ನಮ್ಮೂರು ಈ ಕಡೆ, ಆನೇಕಲ್ ತಾಲ್ಲೂಕು. ನಮ್ಮಜ್ಜಿ ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ಹೊಸೂರು ಸಂತೆಯಲ್ಲಿ ತಮಿಳು ಮಾತಾಡುತ್ತಿದ್ದರು. ತಮಗೆ ಮೂರು ಭಾಷೆ ಬರುತ್ತೆ ಅಂತ ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ. 1956ರಲ್ಲಿ ಭಾಷೆ ನೋಡಿ ರಾಜ್ಯಗಳನ್ನು ವಿಂಗಡಿಸಿದಾಗ ಹೊಸೂರು ಮದ್ರಾಸಿಗೇ ಉಳಿಯಿತು, ನಾವು ಮೈಸೂರಿಗೆ ಉಳಿದೆವು. ನೆಂಟಸ್ತನ ಮಾತ್ರ ಎರಡೂ ಕಡೆ. ನಮ್ಮ ಸೋದರತ್ತೆಯನ್ನು ಗಡಿಯಾಚೆ ತಮಿಳುನಾಡಿನ ತಳಿ ಅನ್ನೋ ಊರ ಕಡೆ ಕೊಟ್ಟಿದೆ. ಅವರ ಮಕ್ಕಳು ಅಲ್ಲೇ ಕನ್ನಡ ಶಾಲೆಯಲ್ಲಿ ಓದಿದರು. 2006ರಲ್ಲಿ ಅಲ್ಲಿ ಒಂದನೇ ಕ್ಲಾಸಿನಿಂದ ತಮಿಳು ಕಡ್ಡಾಯ ಅಂತ ಕಾಯ್ದೆ ಬಂತು. ಈಗ ಮೊಮ್ಮಕ್ಕಳು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದೋಕೆ ಬರಲ್ಲ. ಹಾಗಾಗಿ ನಮ್ಮ ಮನೆ ಮದುವೆ ಪತ್ರಿಕೆ ಎರಡು ಲಿಪಿಯಲ್ಲಿ ಅಚ್ಚಾಗುತ್ತದೆ. ಪ್ರೆಸ್ಸಿನವನಿಗೆ ಒಳ್ಳೆ ವ್ಯಾಪಾರ.

ಇನ್ನು ಶಾಲೆ. ಹೆಸರು ಬೇಡ, ತಪ್ಪೂ ಹೇಳಬೇಕಲ್ಲ. ನಾನು ಓದಿದ್ದೂ ಅಲ್ಲೇ. ಆಗ ಹೆಂಚಿನ ಕಟ್ಟಡ, ಇಬ್ಬರು ಮೇಷ್ಟ್ರು, ಮಕ್ಕಳೆಲ್ಲ ಊರವರೇ. ಈಗ ಏಳನೇ ಕ್ಲಾಸಿನವರೆಗೆ ಇದೆ, ಊರವರ ಮಕ್ಕಳು ಎಣಿಸಿದಷ್ಟು. ಉಳಿದವರು ಒಡಿಶಾ, ಬಿಹಾರ, ಆಂಧ್ರದವರು, ನಿಮ್ಮ ಕಡೆಯ ರಾಯಚೂರು, ಕಲಬುರಗಿಯವರು. ಅಪ್ಪಂದಿರು ಅತ್ತಿಬೆಲೆ ಫ್ಯಾಕ್ಟರಿಗಳಲ್ಲಿ, ಇಲ್ಲಾ ಕಟ್ಟಡದ ಸೈಟಿನಲ್ಲಿ. ನಿಮ್ಮ ಮನೆಗೆ ಟೈಲ್ಸ್ ಹಾಕಿದವನ ಮಗಳೂ ಅಲ್ಲಿ ಇರಬಹುದು.

ಈ ಶಾಲೆಯಲ್ಲಿ ನನಗೆ ನಿಜವಾಗಿ ಹೆಮ್ಮೆ ಇರುವುದು ಕಾರ್ಡು, ಆಟಗಳಿಂದ ಕಲಿಸುವ ನಲಿ-ಕಲಿ ಕೋಣೆ ಬಗ್ಗೆ. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಈ ಪದ್ಧತಿ 1990ರ ದಶಕದಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಮೊದಲ ಸಲ ನೋಡಿದವರಿಗೆ ಗಲಾಟೆ ಅನ್ನಿಸುತ್ತದೆ. ಅ ಆ ಇ ಈ ಇಲ್ಲ, ರ ಗ ಸ ದ ಅ ಇಂದ ಆರಂಭ. ನಮ್ಮಪ್ಪ ಅದನ್ನು ನೋಡಿ "ಇದೇನು ತಲೆಕೆಳಗು ಪಾಠ?" ಅಂದಿದ್ದರು. ಆದರೆ ಐದೇ ಅಕ್ಷರ ಬಂದರೆ ಮಗು ಸರ, ಅರಸ, ಅಗಸ, ಗರಗಸ ಅಂತ ಪೂರ್ತಿ ಪದ ಓದುತ್ತದೆ. ಮನೆಯಲ್ಲಿ ಕನ್ನಡದ ಸೊಲ್ಲೇ ಕೇಳದ ಮಗುವಿಗೆ ಇದು ಚಿಕ್ಕ ವಿಷಯ ಅಲ್ಲ.

ಒಡಿಯಾ ಮನೆಯ ಒಬ್ಬ ಹುಡುಗಿ ಇದ್ದಳು. ಬಂದ ಮೊದಲ ಎರಡು ತಿಂಗಳು ಬಾಯೇ ಬಿಡಲಿಲ್ಲ. ನಲಿ-ಕಲಿ ಮಿಸ್ ಅವಳನ್ನು ಒಬ್ಬ ಮಾತುಗಾತಿ ಪಕ್ಕ ಕೂರಿಸಿ, ಕಾರ್ಡು ಜೋಡಿಸೋ ಕೆಲಸ ಮಾತ್ರ ಕೊಟ್ಟರು. ಮಾತಾಡು ಅಂತ ಒಂದು ದಿನವೂ ಒತ್ತಾಯ ಮಾಡಲಿಲ್ಲ. ದಸರಾ ರಜೆ ಮುಗಿದು ಬಂದ ದಿನ ಅವಳೇ ಎದ್ದು "ಮಿಸ್, ಇವ್ನು ನನ್ ಪೆನ್ಸಿಲ್ ಕಿತ್ಕೊಂಡ" ಅಂದಳು. ಮೊದಲ ಕನ್ನಡ ವಾಕ್ಯವೇ ಚಾಡಿ! ಮಿಸ್ಸಿಗೆ ಎಷ್ಟು ಖುಷಿಯಾಯಿತೆಂದರೆ ಪೆನ್ಸಿಲ್ ವಾಪಸ್ ಕೊಡಿಸೋದನ್ನೇ ಮರೆತರು. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳೇ ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ, ನರ್ಸ್ ಹೇಳಿದ್ದನ್ನು ಒಡಿಯಾದಲ್ಲಿ ತಿಳಿಸುತ್ತಿದ್ದಳು.

ಊಟದ ಬಗ್ಗೆ ಜಾಸ್ತಿ ಹೇಳಲ್ಲ, ಚೆನ್ನಾಗಿದೆ. ಹಾಲು 2013ರಿಂದ ಇದೆ, 2024ರಿಂದ ಮೊಟ್ಟೆಯೂ ವಾರಕ್ಕೆ ಆರು ದಿನ ಆಯಿತು. ಬಿಸಿಯೂಟದ ಅಕ್ಕಂದಿರು ಇಬ್ಬರೂ ನಮ್ಮೂರಿನವರೇ, ಸಾರು ಕೆಟ್ಟರೆ ಸಂಜೆ ಬೀದಿಯಲ್ಲಿ ಕೇಳುವವರು ಇದ್ದಾರೆ.

ಕೊರತೆ ಶುರುವಾಗುವುದು ನಾಲ್ಕನೇ ಕ್ಲಾಸಿನಿಂದ. ಕಾರ್ಡು, ಆಟ ಹೋಗಿ ಇದ್ದಕ್ಕಿದ್ದಂತೆ ದಪ್ಪ ಪುಸ್ತಕ. ಏಳು ಕ್ಲಾಸಿಗೆ ನಾಲ್ವರು ಶಿಕ್ಷಕರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಅತಿಥಿ ಬರುವ ಹೊತ್ತಿಗೆ ಜೂನ್ ಮುಗಿದಿರುತ್ತದೆ. ಹೆಡ್‌ಮಿಸ್ ಪಾಠ ಮಾಡಬೇಕು, ಮೊಟ್ಟೆ ಲೆಕ್ಕ ಬರೆಯಬೇಕು, ಮೀಟಿಂಗಿಗೂ ಓಡಬೇಕು. ಚುನಾವಣೆ, ಸಮೀಕ್ಷೆ ಏನೇ ಬಂದರೂ ಶಿಕ್ಷಕರೇ. 2025ರ ದಸರಾ ರಜೆಯನ್ನು ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಎಳೆದರಲ್ಲ, ಆಗ ತಪ್ಪಿದ ಭಾಗಾಕಾರ ನಮ್ಮ ಮಕ್ಕಳಿಗೆ ಇವತ್ತಿಗೂ ತಪ್ಪುತ್ತದೆ.

ಇನ್ನೊಂದು ತೊಂದರೆ ಇದೆ, ಹೊರಗಿನವರಿಗೆ ಕಾಣಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿ.ಸಿ. ಇಲ್ಲದಿದ್ದರೂ ಮಗುವನ್ನು ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ಕ್ಲಾಸಿನಲ್ಲಿ ಕೂರಿಸಬೇಕು. ಒಳ್ಳೆಯದೇ. ಆದರೆ ಒಂಬತ್ತು ವರ್ಷದ ಹುಡುಗ ಬಿಹಾರದಿಂದ ನೇರವಾಗಿ ನಾಲ್ಕನೇ ಕ್ಲಾಸಿಗೆ ಬಂದು ಕೂತರೆ? ಒಂದಕ್ಷರ ಕನ್ನಡ ಗೊತ್ತಿಲ್ಲ. ಅಂಥವರಿಗೆ ಬೇರೆ ತರಬೇತಿ ಕೊಡಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ, ಕೊಡುವ ಜನ ಎಲ್ಲಿ? ಹೆಡ್‌ಮಿಸ್ ದಿನಾ ಒಂದು ಗಂಟೆ ಅವನನ್ನು ನಲಿ-ಕಲಿ ಕೋಣೆಗೆ ಕಳಿಸಿದರು. ಪುಟಾಣಿಗಳ ನಡುವೆ ಅವನು ಮೊಣಕಾಲು ಮಡಚಿ, ತಲೆ ತಗ್ಗಿಸಿ ಕೂರುತ್ತಿದ್ದ. ಅಂತೂ ಅಕ್ಷರ ಹಿಡಿದ. ಅಷ್ಟರಲ್ಲಿ ಸೈಟ್ ಕೆಲಸ ಮುಗಿಯಿತು, ಅಪ್ಪನ ಜೊತೆ ಹೊರಟುಹೋದ. ಪ್ರತಿ ವರ್ಷ ಹೀಗೆ ಕೆಲವರು.

ಶೌಚಾಲಯ ಇದೆ, ತೊಳೆಯುವವರಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯವರು, ಕೈಯಿಂದ ದುಡ್ಡು ಹಾಕಿ ಒಬ್ಬರನ್ನು ಇಟ್ಟಿದ್ದೇವೆ. ಅವರು ಬರದ ದಿನ ದೊಡ್ಡ ಹೆಣ್ಣುಮಕ್ಕಳು ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾರೆ.

ಇಷ್ಟು ಹೇಳಿ ನನ್ನ ವಿಷಯ ಮುಚ್ಚಿಟ್ಟರೆ ಸರಿಯಲ್ಲ. ದೊಡ್ಡ ಮಗಳನ್ನು ಇದೇ ಶಾಲೆಯಲ್ಲಿ ಓದಿಸಿದೆ. ಅವಳ ಮೂಲಕವೇ ಎಸ್‌ಡಿಎಂಸಿ ಸೇರಿದ್ದು. ಮಗನನ್ನು ಮಾತ್ರ ಪ್ರೈವೇಟ್ ಶಾಲೆ ವ್ಯಾನ್ ಹತ್ತಿಸಿದೆ. ನೆಂಟರ ಬಾಯಿ, ಇಂಗ್ಲಿಷ್ ಭಯ, ಎರಡೂ ಸೇರಿ. 2019ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗ "ಕನ್ನಡ ಶಾಲೆಗೆ ಇದೇ ಕೊಡಲಿ ಏಟು" ಅಂತ ಕೂಗಿದವರಲ್ಲಿ ನಾನೂ ಒಬ್ಬ. ನಮ್ಮ ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಈಗ ಅನ್ನಿಸುತ್ತದೆ, ಇದ್ದಿದ್ದರೆ ಊರವರ ಮಕ್ಕಳು ಅರ್ಧವಾದರೂ ಉಳಿಯುತ್ತಿದ್ದರು, ನನ್ನ ಮಗನೂ ಸೇರಿ. ಅವನು ಈಗ ಐದನೇ ಕ್ಲಾಸು. ಕನ್ನಡ ಎರಡನೇ ಭಾಷೆ, ಒತ್ತಕ್ಷರ ಬಂದರೆ ಅಕ್ಕನನ್ನು ಕರೆಯುತ್ತಾನೆ. ಆ ಒಡಿಯಾ ಹುಡುಗಿ ಬಸ್ಸಿನ ಬೋರ್ಡು, ಗೋಡೆ ಮೇಲಿನ ಜಾಹೀರಾತು, ಸಿಕ್ಕಿದ್ದೆಲ್ಲ ಓದುತ್ತಾಳೆ. ಗಡಿಯಲ್ಲಿ ಕನ್ನಡ ಉಳಿಸಬೇಕು ಅಂತ ನವೆಂಬರಿನಲ್ಲಿ ಭಾಷಣ ಮಾಡುವವರ ಮಕ್ಕಳೆಲ್ಲ ವ್ಯಾನಿನಲ್ಲಿ ಇರುತ್ತಾರೆ, ನನ್ನವನೂ.

ನಿಮ್ಮ ಮಗಳಿಗೆ ಆರು ವರ್ಷ ಅಂದಿರಿ, ಅಲ್ವಾ? ಮೂರನೇ ಕ್ಲಾಸಿನವರೆಗೆ ಧೈರ್ಯವಾಗಿ ಸೇರಿಸಿ. ನಾಲ್ಕರಿಂದ ಗಣಿತ ಮನೆಯಲ್ಲಿ ನೀವೇ ನೋಡಿಕೊಳ್ಳಬೇಕಾಗುತ್ತದೆ. ಮೊದಲು ಒಂದು ಸಲ ಬಂದು ನೋಡಿ. ಆಗಸ್ಟ್ 15ಕ್ಕೆ ಬೇಡ, ಅವತ್ತು ಎಲ್ಲ ಶಾಲೆಯೂ ಚೆಂದ. ಸುಮ್ನೆ ಒಂದು ಸೋಮವಾರ ಹನ್ನೊಂದು ಗಂಟೆಗೆ ಬನ್ನಿ. ಹುಸ್ಕೂರು ಮದ್ದೂರಮ್ಮನ ಜಾತ್ರೆ ದಿನಗಳಲ್ಲಿ ಮಾತ್ರ ಬರಬೇಡಿ. ಆಗ ಕ್ಲಾಸೆಲ್ಲ ಖಾಲಿ. ತೇರು ನೋಡೋಕೆ ಹೋಗಿರುತ್ತಾರೆ, ಒಡಿಯಾ ಮಕ್ಕಳೇ ಮುಂದೆ.